ಪೋಕರ್ ರನ್: ಇಸ್ಪೀಟೆಲೆ ಎತ್ತುತ್ತ ಸಾಗುವ ಸಹಾಯಾರ್ಥ ಬೈಕ್ ಸವಾರಿ

ಗೊತ್ತುಪಡಿಸಿದ ದಾರಿಯಲ್ಲಿ ಬೈಕ್ ಓಡಿಸುತ್ತ, ಐದು ಕಡೆ ನಿಂತು, ನಿಂತಲ್ಲೆಲ್ಲ ಒಂದೊಂದು ಇಸ್ಪೀಟೆಲೆ ಎತ್ತಿ, ಕೊನೆಯಲ್ಲಿ ಯಾರ ಐದೆಲೆ ಪೋಕರ್ ಆಟದ ಲೆಕ್ಕದಲ್ಲಿ ಮೇಲಾಗುತ್ತದೋ ಅವರಿಗೆ ಬಹುಮಾನ ಕೊಡುವ ಸವಾರಿಗೆ ಪೋಕರ್ ರನ್ ಎಂದು ಹೆಸರು. ಸೇರಲು ಸವಾರರು ಕೊಡುವ ಶುಲ್ಕದಲ್ಲಿ ಖರ್ಚು, ಬಹುಮಾನ ಕಳೆದು ಉಳಿದದ್ದು ಯಾವುದಾದರೂ ಸತ್ಕಾರ್ಯಕ್ಕೆ ಹೋಗುತ್ತದೆ: ಆಸ್ಪತ್ರೆಯ ಬಿಲ್ಲು, ಮಕ್ಕಳ ಶಿಕ್ಷಣ, ಅಪಘಾತದಲ್ಲಿ ಸತ್ತ ಸವಾರನ ಕುಟುಂಬ, ಹೀಗೆ. ಇದರ ತವರು ಅಮೆರಿಕ. ಅಲ್ಲಿಯೂ ಕೆನಡಾದಲ್ಲಿಯೂ ಬೈಕ್ ಕ್ಲಬ್ಬುಗಳಿಗೆ ಇದು ಮಾಮೂಲಿ ಭಾನುವಾರದ ಕೆಲಸ. ಕರ್ನಾಟಕದಲ್ಲಿ ಬೈಕ್ ಸವಾರಿಯ ಮೂಲಕ ಹಣ ಎತ್ತುವ ಪದ್ಧತಿ ಬೇರೆ ರೂಪಗಳಲ್ಲಿ ಬೇರೂರಿದೆ. ಇಲ್ಲಿ ಪೋಕರ್ ರನ್ನಿನ ಕಾರ್ಯವಿಧಾನವನ್ನು ಮೈಸೂರು ರಸ್ತೆಯ ಸವಾರರೆಲ್ಲ ದಾಟಿಹೋಗುವ ಕೆಂಗೇರಿಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದೆ.

ನಡೆಯುವ ಬಗೆ

ಹೊರಡುವ ಜಾಗದಲ್ಲಿ ನೋಂದಣಿಯ ಮೇಜು ಇರುತ್ತದೆ. ಸವಾರ ಶುಲ್ಕ ಕಟ್ಟಿ, ಅಪಾಯಗಳನ್ನು ತಿಳಿದೇ ಸೇರಿದ್ದೇನೆ ಎಂಬ ಪತ್ರಕ್ಕೆ ಸಹಿ ಹಾಕಿ, ಐದು ಖಾಲಿ ಚೌಕಗಳಿರುವ ಒಂದು ಚೀಟಿ ಪಡೆಯುತ್ತಾನೆ. ಈ ಚೀಟಿಯೇ ಅವನ 'ಕೈ'. ಹಿಂದೆ ಕೂತವರೂ ಪ್ರತ್ಯೇಕ ಚೀಟಿ ಕೊಳ್ಳಬಹುದು. ಒಬ್ಬನೇ ಎರಡು ಮೂರು ಕೈ ಕೊಳ್ಳುವುದೂ ಉಂಟು. ಪ್ರತಿ ನಿಲ್ದಾಣದಲ್ಲಿ ಸ್ವಯಂಸೇವಕರು ಕಲೆಸಿದ ಕಟ್ಟನ್ನು ಕವುಚಿ ಹರಡಿರುತ್ತಾರೆ. ಸವಾರ ಒಂದೆಲೆ ಎತ್ತುತ್ತಾನೆ, ಸ್ವಯಂಸೇವಕರು ಅದನ್ನು ಚೀಟಿಯಲ್ಲಿ ಬರೆದು ಮುದ್ರೆ ಒತ್ತುತ್ತಾರೆ, ಎಲೆ ಮತ್ತೆ ಕಟ್ಟಿಗೆ ಸೇರುತ್ತದೆ. ಕೆಲವು ಕಡೆ ಏಳು ನಿಲ್ದಾಣಗಳಿದ್ದು, ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಲು ಬಿಡುತ್ತಾರೆ.

ಕೊನೆಯ ನಿಲ್ದಾಣಕ್ಕೆ ಇಂತಿಷ್ಟು ಗಂಟೆಯೊಳಗೆ ಚೀಟಿ ಒಪ್ಪಿಸಬೇಕೆಂಬ ನಿಯಮವಿದೆ. ಅದರಾಚೆ ಗಡಿಯಾರಕ್ಕೆ ಕೆಲಸವಿಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಎಲೆಗಳ ಮುಂದೆ ಒಂದೇ ಬೆಲೆ. ಮೇಲ್ನೋಟಕ್ಕೆ ಇದು ಚಿಕ್ಕ ಸಂಗತಿ, ಆದರೆ ಇಡೀ ಏರ್ಪಾಡಿನ ಜೀವಾಳ ಇದೇ. ನೂರು ಬೈಕುಗಳು ಒಂದೇ ದಾರಿಯಲ್ಲಿ ಹೊರಟರೆ ಯಾರು ಮುಂದೆ ಎಂಬ ಹುರುಪು ತಾನಾಗಿ ಹುಟ್ಟುತ್ತದೆ. ಬಹುಮಾನವನ್ನು ಅದೃಷ್ಟದ ಕೈಗೆ ಕೊಟ್ಟುಬಿಟ್ಟರೆ ಆಕ್ಸಿಲರೇಟರ್ ತಿರುಚಿ ಗಳಿಸುವುದೇನೂ ಉಳಿಯುವುದಿಲ್ಲ. 350 ಸಿಸಿಯ ಬುಲೆಟ್ಟಿಗೂ 100 ಸಿಸಿಯ ಸ್ಪ್ಲೆಂಡರ್‌ಗೂ ಗೆಲ್ಲುವ ಅವಕಾಶ ಒಂದೇ.

ದೊಡ್ಡ ಬಹುಮಾನ ಮೇಲಿನ ಕೈಗೆ ಹೋದರೆ, ತೀರ ಕಳಪೆ ಕೈಗೂ ಒಂದು ಸಣ್ಣ ಬಹುಮಾನ ಇಡುವುದು ವಾಡಿಕೆ. ಇದರಿಂದ ಮೂರನೆಯ ನಿಲ್ದಾಣದಲ್ಲೇ ಕೈ ಕೆಟ್ಟವನೂ ಕೊನೆಯವರೆಗೆ ಬರುತ್ತಾನೆ. ಮುಗಿಯುವ ಜಾಗದಲ್ಲಿ ಊಟ, ಸಂಗೀತ, ಲಕ್ಕಿ ಡ್ರಾ ಇರುತ್ತವೆ. ಕೆಲವರು ದಕ್ಕಿದ ಐದೆಲೆಗಳಲ್ಲಿ ಒಂದನ್ನು ಬದಲಿಸಿಕೊಳ್ಳಲು ಇನ್ನಷ್ಟು ಹಣ ಕೇಳುತ್ತಾರೆ. ಈ ಕೊನೆಯ ಗಳಿಗೆಯ ಆಸೆಯಿಂದಲೂ ಸತ್ಕಾರ್ಯಕ್ಕೆ ಹಣ ಬರುತ್ತದೆ.

ಎಲೆಗಳ ಲೆಕ್ಕ

ಪೋಕರ್‌ನಲ್ಲಿ ಕೈಗಳ ಮೇಲುಕೀಳು ನಿಂತಿರುವುದು ಅವುಗಳ ವಿರಳತೆಯ ಮೇಲೆ. 52 ಎಲೆಗಳ ಒಂದು ಕಟ್ಟಿನಿಂದ ಐದೆಲೆಗಳನ್ನು 25,98,960 ಬಗೆಯಲ್ಲಿ ಆರಿಸಬಹುದು. ಇವುಗಳಲ್ಲಿ ನಾಲ್ಕು ಒಂದೇ ಎಲೆ, ಅಂದರೆ ನಾಲ್ಕು ರಾಜ ಅಥವಾ ನಾಲ್ಕು ಎಕ್ಕ ಇರುವಂಥವು 624. ಮೂರು ಒಂದು ಬಗೆ, ಎರಡು ಇನ್ನೊಂದು ಬಗೆ ಇರುವ ಫುಲ್ ಹೌಸ್ 3,744. ಐದೂ ಆಟಿನ್ ಅಥವಾ ಐದೂ ಕ್ಲಾವರ್ ಆಗಿರುವ ಕಲರ್ 5,108. ಐದು, ಆರು, ಏಳು, ಎಂಟು, ಒಂಬತ್ತು ಎಂದು ಸಾಲಾಗಿ ಬರುವ ಸೀಕ್ವೆನ್ಸ್ 10,200. ಎಲ್ಲಕ್ಕೂ ಮೇಲಿನದು ಒಂದೇ ಬಣ್ಣದಲ್ಲಿ ಸಾಲಾಗಿ ಬಂದ ಐದೆಲೆ. ಅಂಥವು 40 ಮಾತ್ರ. ನಮ್ಮಲ್ಲಿ ಮೂರೆಲೆ ಆಡಿ ರೂಢಿಯಿದ್ದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಪೋಕರ್‌ನಲ್ಲಿ ಕಲರ್ ಸೀಕ್ವೆನ್ಸ್‌ಗಿಂತ ದೊಡ್ಡದು. ಎರಡೂ ಸರಿಯೇ. ಮೂರೆಲೆಯಲ್ಲಿ ಕಲರ್ 1,096 ಬಗೆಯಲ್ಲಿ ಬಂದರೆ ಶುದ್ಧವಲ್ಲದ ಸೀಕ್ವೆನ್ಸ್ 720 ಬಗೆಯಲ್ಲಷ್ಟೇ ಬರುತ್ತದೆ. ಎಲೆ ಐದಾದಾಗ ವಿರಳತೆ ತಿರುವುಮುರುವಾಗುತ್ತದೆ.

ಪೋಕರ್ ರನ್ನಿನಲ್ಲಿ ಇನ್ನೊಂದು ತಿರುವಿದೆ, ಅದನ್ನು ಸಂಘಟಕರೇ ಗಮನಿಸುವುದು ಕಡಿಮೆ. ಇಲ್ಲಿ ಐದೆಲೆ ಬರುವುದು ಒಂದೇ ಕಟ್ಟಿನಿಂದಲ್ಲ, ಐದು ನಿಲ್ದಾಣಗಳ ಐದು ಪೂರ್ತಿ ಕಟ್ಟುಗಳಿಂದ. ಮೊದಲ ನಿಲ್ದಾಣದಲ್ಲಿ ಇಸ್ಪೀಟ್ ರಾಣಿ ಎತ್ತಿದವನಿಗೆ ಮೂರನೆಯದರಲ್ಲಿ ಅದೇ ಇಸ್ಪೀಟ್ ರಾಣಿ ಮತ್ತೆ ಸಿಗಬಹುದು. ಆಗ ಲೆಕ್ಕವೆಲ್ಲ ಬದಲಾಗುತ್ತದೆ. ಒಂದೇ ಕಟ್ಟಿನ ಆಟದಲ್ಲಿ ಜೋಡಿಯೂ ಇಲ್ಲದ ಬರಿಗೈ ಅರ್ಧದಷ್ಟು ಸಲ ಬಂದರೆ, ಐದು ಕಟ್ಟಿನ ಸವಾರಿಯಲ್ಲಿ ಅದು ಶೇ 42ಕ್ಕಿಂತ ತುಸು ಕೆಳಗಿಳಿದು, ಒಂದು ಜೋಡಿಯ ಕೈ ಶೇ 46ಕ್ಕೆ ಏರುತ್ತದೆ. ನಾಲ್ಕು ಒಂದೇ ಎಲೆ ಬರುವ ಸಾಧ್ಯತೆ 4,165ರಲ್ಲಿ ಒಂದು ಇದ್ದದ್ದು 476ರಲ್ಲಿ ಒಂದಾಗುತ್ತದೆ. ಫುಲ್ ಹೌಸ್ 238ರಲ್ಲಿ ಒಂದು, ಕಲರ್ 256ರಲ್ಲಿ ಒಂದು, ಸೀಕ್ವೆನ್ಸ್ 309ರಲ್ಲಿ ಒಂದು. ಎಂದರೆ ಕೋಷ್ಟಕದಲ್ಲಿ ಈ ಮೂರರಲ್ಲಿ ಕೊನೆಗಿರುವ ಸೀಕ್ವೆನ್ಸೇ ಇಲ್ಲಿ ಮೂರರಲ್ಲೂ ಅತಿ ಅಪರೂಪ. ನ್ಯಾಯವಾಗಿ ಅದನ್ನು ಫುಲ್ ಹೌಸ್‌ಗಿಂತ ಮೇಲಿಡಬೇಕು. ಯಾರೂ ಹಾಗೆ ಇಡುವುದಿಲ್ಲ, ಪೋಕರ್ ಪುಸ್ತಕದ ಕೋಷ್ಟಕವನ್ನೇ ಅಂಟಿಸುತ್ತಾರೆ; ಎಲ್ಲರಿಗೂ ಒಂದೇ ನಿಯಮ ಇರುವುದರಿಂದ ಮೋಸವೇನೂ ಆಗುವುದಿಲ್ಲ. ಆದರೆ ಐದೂ ಒಂದೇ ಎಲೆ ಬಂದರೆ (28,561ರಲ್ಲಿ ಒಂದು ಸಾಧ್ಯತೆ) ಏನು, ಅದೇ ಬಣ್ಣದ ಅದೇ ಎಲೆ ಎರಡು ಸಲ ಬಂದರೆ ಮತ್ತೆ ಎತ್ತಬೇಕೇ, ಇಬ್ಬರ ಕೈ ಸಮವಾದರೆ ಹೇಗೆ ಎಂಬುದನ್ನು ಹೊರಡುವ ಮೊದಲೇ ಬರೆದು ಅಂಟಿಸದಿದ್ದರೆ ಊಟದ ಹೊತ್ತಿಗೆ ಜಗಳ ಖಂಡಿತ.

ಮೋಸ ತಡೆಯಲು ಹಲವು ಉಪಾಯಗಳಿವೆ. ಪ್ರತಿ ನಿಲ್ದಾಣಕ್ಕೆ ಬೇರೆ ಆಕಾರದ ರಂಧ್ರ ಹೊಡೆಯುವ ಪಂಚು, ಸ್ವಯಂಸೇವಕರಲ್ಲೇ ಉಳಿಯುವ ನಕಲು ಪಟ್ಟಿ, ಎಲೆಯನ್ನು ಮುಚ್ಚಿದ ಲಕೋಟೆಯಲ್ಲೇ ಕೊಟ್ಟು ಕೊನೆಯಲ್ಲಿ ಎಲ್ಲರ ಮುಂದೆ ಒಡೆಸುವುದು. ಲಕೋಟೆಯ ಪದ್ಧತಿಗೆ ಇನ್ನೊಂದು ಗುಣವಿದೆ: ತನ್ನ ಕೈ ಏನೆಂದು ಗೊತ್ತಿಲ್ಲದವನು ದಾರಿಯ ಮಧ್ಯೆ ಮನೆಗೆ ತಿರುಗುವುದಿಲ್ಲ.

ಹುಟ್ಟು, ಹರಡಿಕೆ

ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಸ್ಥಾಪನೆಯಾದದ್ದು 1924ರಲ್ಲಿ. ಅದರ ನೆರಳಿನಲ್ಲಿ ಬೆಳೆದ 'ಜಿಪ್ಸಿ ಟೂರ್' ಎಂಬ ಗುಂಪು ಪಯಣಗಳು ಊರಿಂದೂರಿಗೆ ಸವಾರರನ್ನು ಸೇರಿಸಿ, ಆಟ, ಊಟ, ಸ್ಪರ್ಧೆ ನಡೆಸುತ್ತಿದ್ದವು. 1938ರಲ್ಲಿ ದಕ್ಷಿಣ ಡಕೋಟದ ಸ್ಟರ್ಜಿಸ್‌ನಲ್ಲಿ ಶುರುವಾದ ಬೈಕ್ ಜಾತ್ರೆಯೂ ಇದೇ ಕಾಲದ್ದು. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಪಟ್ಟಣದ ಜಿಪ್ಸಿ ಟೂರ್‌ನಲ್ಲಿ ಗಲಾಟೆಯಾಗಿ, ಪತ್ರಿಕೆಗಳು ಅದನ್ನು ಉಬ್ಬಿಸಿ, 1953ರಲ್ಲಿ ಮರ್ಲಾನ್ ಬ್ರಾಂಡೊ ನಟಿಸಿದ 'ದ ವೈಲ್ಡ್ ಒನ್' ಚಿತ್ರವೂ ಬಂದ ಮೇಲೆ ಬೈಕ್ ಸವಾರ ಎಂದರೆ ರೌಡಿ ಎಂಬ ಚಿತ್ರ ಅಮೆರಿಕದ ಮನಸ್ಸಿನಲ್ಲಿ ಕೂತಿತು. ಮುಂದೆ ಕ್ಲಬ್ಬುಗಳು ಆಟಿಕೆ ಹಂಚಿಕೆ, ರಕ್ತದಾನ, ಪೋಕರ್ ರನ್‌ನಂಥ ಸಹಾಯಾರ್ಥ ಸವಾರಿಗಳಿಗೆ ಅಷ್ಟೊಂದು ಒತ್ತು ಕೊಟ್ಟದ್ದರಲ್ಲಿ ಈ ಕಳಂಕ ತೊಳೆಯುವ ಆಸೆಯೂ ಇತ್ತೆಂದು ಊಹಿಸಲು ಅಡ್ಡಿಯಿಲ್ಲ.

ಇಂದು ಪೋಕರ್ ರನ್ ಬೈಕಿಗೆ ಸೀಮಿತವಾಗಿಲ್ಲ. ವೇಗದ ದೋಣಿಗಳಲ್ಲಿ, ಹಿಮದ ಮೇಲೆ ಓಡುವ ಬಂಡಿಗಳಲ್ಲಿ, ಕುದುರೆಯ ಮೇಲೆ, ಸೈಕಲ್ಲಿನಲ್ಲಿ, ಸಣ್ಣ ವಿಮಾನಗಳಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹಾರಿ ಎಲೆ ಎತ್ತುವವರೂ ಇದ್ದಾರೆ. ಇಸ್ಪೀಟು ಬೇಡ ಎನ್ನುವವರು ದಾಳ ಉರುಳಿಸಿ ಮೊತ್ತ ಕೂಡಿಸುತ್ತಾರೆ.

ಕೆಂಗೇರಿಯಿಂದ ಎರಡು ದಾರಿ

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಸವಾರರು ಭಾನುವಾರ ನಸುಕಿನಲ್ಲಿ ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆ ಹಿಡಿದರೆ ಒಟ್ಟುಗೂಡಲು ಅನುಕೂಲವಾದ ಜಾಗ ಕೆಂಗೇರಿ. ನೈಸ್ ರಸ್ತೆ ಇಲ್ಲೇ ಸೇರುವುದರಿಂದ ನಗರದ ಬೇರೆ ಮೂಲೆಗಳವರಿಗೂ ಹತ್ತಿರ. 2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೊ ಬಂದಿರುವುದರಿಂದ ಬೈಕಿಲ್ಲದ ಸ್ವಯಂಸೇವಕರೂ ತಲುಪಬಹುದು. ಬೆಳಗಿನ ತಿಂಡಿಗೆಂದೇ ಊರು ಬಿಟ್ಟು ಹೋಗಿ ಹತ್ತು ಗಂಟೆಗೆ ಮನೆ ಸೇರುವ 'ಬ್ರೇಕ್‌ಫಾಸ್ಟ್ ರೈಡ್' ಈ ರಸ್ತೆಯ ಹಳೆಯ ಚಾಳಿ. ಪೋಕರ್ ರನ್ನಿಗೆ ಬೇಕಾದ ನಿಲ್ದಾಣಗಳನ್ನು ಈ ಚಾಳಿಯೇ ಗುರುತಿಸಿಟ್ಟಿದೆ ಎನ್ನಬಹುದು: ಕೆಂಗೇರಿಯಲ್ಲಿ ಮೊದಲ ಎಲೆ, ಬಿಡದಿಯ ತಟ್ಟೆ ಇಡ್ಲಿಯ ಮುಂದೆ ಎರಡನೆಯದು, ರಾಮನಗರದ ಬಂಡೆಗಳ ಬಳಿ ಮೂರನೆಯದು, ಬೊಂಬೆಗಳ ಚನ್ನಪಟ್ಟಣದಲ್ಲಿ ನಾಲ್ಕನೆಯದು, ಮದ್ದೂರಿನಲ್ಲಿ ವಡೆಯ ಜೊತೆ ಐದನೆಯದು. ಬೆಂಗಳೂರಿನಿಂದ ಮದ್ದೂರು ಸುಮಾರು 80 ಕಿ.ಮೀ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಈ ಲೆಕ್ಕವನ್ನು ಒಂದಿಷ್ಟು ತಿರುಗಿಸಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನೆಲ್ಲ ಬೈಪಾಸುಗಳು ಬದಿಗೆ ಸರಿಸಿದವು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಮೈಸೂರಿಗೆ ಬೇಗ ಮುಟ್ಟಬೇಕೆಂದಿದ್ದ ಬೈಕ್ ಸವಾರರಿಗೆ ಇದು ಕಹಿಯಾಯಿತು. ಆದರೆ ನಿಲ್ಲುವುದಕ್ಕೆಂದೇ ಹೊರಟ ಸವಾರಿಗೆ ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ಹೆದ್ದಾರಿಯೇ ಹೊಂದುತ್ತದೆ; ತಟ್ಟೆ ಇಡ್ಲಿಯ ಹೋಟೆಲುಗಳಿರುವುದೂ ಅಲ್ಲೇ. ತೊಂದರೆ ಬೇರೆಯದು. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ವಾಹನಗಳು, ಏಕಾಏಕಿ ಎದುರಾಗುವ ಕೆಳಸೇತುವೆಯ ತಿರುವುಗಳು ಗುಂಪು ಸವಾರಿಗೆ ಒಗ್ಗುವುದಿಲ್ಲ. ಹತ್ತು ಹತ್ತರ ತಂಡಗಳನ್ನು ಹತ್ತು ನಿಮಿಷದ ಅಂತರದಲ್ಲಿ ಬಿಡಬೇಕಾಗುತ್ತದೆ. ಹಾಗೆ ಬಿಟ್ಟರೆ ಎಲೆಯ ಮೇಜಿನ ಮುಂದೆ ಸಾಲೂ ಬೆಳೆಯುವುದಿಲ್ಲ: ಒಬ್ಬನಿಗೆ ಒಂದು ನಿಮಿಷ ಎಂದಿಟ್ಟುಕೊಂಡರೂ ನೂರು ಜನ ಒಟ್ಟಿಗೆ ಬಂದರೆ ಕೊನೆಯವನು ಒಂದೂಮುಕ್ಕಾಲು ಗಂಟೆ ಹತ್ತಿರ ಕಾಯಬೇಕು, ಅಷ್ಟರಲ್ಲಿ ಇಡ್ಲಿ ಮುಗಿದಿರುತ್ತದೆ.

ಎರಡನೆಯ ದಾರಿ ಚಿಕ್ಕದು, ನನ್ನ ಮಟ್ಟಿಗೆ ಒಳ್ಳೆಯದು. ಕೆಂಗೇರಿಯಿಂದ ರಾಮೋಹಳ್ಳಿ ಕಡೆಯ ದೊಡ್ಡ ಆಲದ ಮರ, ಅಲ್ಲಿಂದ ಅರ್ಕಾವತಿಯ ಮಂಚನಬೆಲೆ ಜಲಾಶಯ, ಸಾವನದುರ್ಗದ ತಪ್ಪಲು, ಕೊನೆಗೆ ಮಾಗಡಿ. ಆಲದ ಮರದ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಹೋಗಿದ್ದರೂ ಬಿಳಲುಗಳು ಮೂರು ಎಕರೆಯಷ್ಟು ಹಬ್ಬಿವೆ, ನೂರು ಬೈಕಿನವರಿಗೆ ನೆರಳು ಸಾಕು. ಎಲೆ ಎತ್ತುವಾಗ ಮಂಗಗಳ ಮೇಲೆ ಕಣ್ಣಿಡಬೇಕಷ್ಟೆ. ಮಂಚನಬೆಲೆಯಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಹಲವರಿರುವುದರಿಂದ ಮೇಜನ್ನು ದಡದಿಂದ ದೂರ ಹಾಕುವುದು ಒಳಿತು. ಮಾಗಡಿ ರಸ್ತೆಯಲ್ಲಿ ಮರಳಿದರೆ ವಿಜಯನಗರ, ಬಸವೇಶ್ವರನಗರದವರಿಗೆ ನೇರ ಮನೆದಾರಿ.

ಹಣದ ಹರಿವು

ನೂರು ಸವಾರರು ತಲಾ 500 ರೂಪಾಯಿ ಕೊಟ್ಟರೆ 50,000 ಕೂಡುತ್ತದೆ. ಇದರಲ್ಲಿ ಬಹುಮಾನ, ಚೀಟಿ, ಶಾಮಿಯಾನ, ಊಟ ಕಳೆದರೆ ಸತ್ಕಾರ್ಯಕ್ಕೆ ಉಳಿಯುವುದು ನಿರಾಶೆ ತರುವಷ್ಟೇ. ಅದಕ್ಕೇ ಅನುಭವಿ ಸಂಘಟಕರು ಖರ್ಚನ್ನು ಪ್ರಾಯೋಜಕರ ಮೇಲೆ ಹೊರಿಸುತ್ತಾರೆ. ಪ್ರತಿ ನಿಲ್ದಾಣವನ್ನು ಒಂದು ಹೋಟೆಲ್, ಗ್ಯಾರೇಜು ಅಥವಾ ಷೋರೂಮಿಗೆ ವಹಿಸಿದರೆ, ನೂರು ಜನ ಗಿರಾಕಿಗಳು ಬಾಗಿಲಿಗೆ ಬರುತ್ತಾರೆಂದು ಅವರು ಮೇಜು, ನೀರು, ಒಂದು ಬಹುಮಾನ ಕೊಡಲು ಒಪ್ಪುತ್ತಾರೆ. ಬಹುಮಾನ ನಗದಾಗುವುದಕ್ಕಿಂತ ಹೆಲ್ಮೆಟ್, ಟೈರು, ಸರ್ವಿಸ್ ಕೂಪನ್ ಆಗಿದ್ದರೆ ಲೆಕ್ಕವೂ ಸುಲಭ. ಅಮೆರಿಕದಲ್ಲಿ ನಡೆಯುವ 'ಫಿಫ್ಟಿ-ಫಿಫ್ಟಿ' ಚೀಟಿ, ಅಂದರೆ ಕೂಡಿದ ಹಣದಲ್ಲಿ ಅರ್ಧ ಗೆದ್ದವನಿಗೆ, ಅರ್ಧ ಸತ್ಕಾರ್ಯಕ್ಕೆ ಎಂಬುದು ಕರ್ನಾಟಕದಲ್ಲಿ ನೇರವಾಗಿ ಲಾಟರಿಯ ಬಾಗಿಲು ತಟ್ಟುತ್ತದೆ.

ಕಾನೂನಿನ ತೊಡಕು

ಇಸ್ಪೀಟಿನ ಬಗ್ಗೆ ಹಳೇ ಮೈಸೂರು ಸೀಮೆಗೆ ಎರಡು ಮನಸ್ಸು. ಯುಗಾದಿಯ ಮರುದಿನ ಹೊಸತೊಡಕಿಗೆ ಬಾಡೂಟ ಉಂಡು ಅರಳಿಕಟ್ಟೆಯಲ್ಲಿ ಎಲೆ ಹಾಕುವುದು ರಾಮನಗರ, ಮಂಡ್ಯ ಭಾಗದಲ್ಲಿ ಹಬ್ಬದ ಅಂಗವೆಂಬಂತೆ ನಡೆಯುತ್ತದೆ. ವರ್ಷದ ಉಳಿದ ದಿನ 'ಇಸ್ಪೀಟ್ ಅಡ್ಡೆ ಮೇಲೆ ದಾಳಿ' ಎಂಬುದು ಜಿಲ್ಲಾ ಪುಟದ ಕಾಯಂ ಸುದ್ದಿ. ಇದೇ ರಸ್ತೆಯ ಇನ್ನೊಂದು ತುದಿಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹೊಸ ಹೊಸ ಗಂಜೀಫ ಎಲೆಯಾಟಗಳನ್ನೇ ಕಟ್ಟಿಸಿ, ದೇವದೇವತೆಗಳ ಚಿತ್ರ ಬರೆಸಿದ್ದರು.

ಕರ್ನಾಟಕ ಪೊಲೀಸ್ ಕಾಯ್ದೆ, 1963 ಹಣ ಪಣವಿಟ್ಟು ಆಡುವ ಅದೃಷ್ಟದಾಟವನ್ನು ಶಿಕ್ಷಿಸುತ್ತದೆ. ಕೌಶಲದ ಆಟಕ್ಕೆ 176ನೆಯ ಕಲಮಿನಲ್ಲಿ ವಿನಾಯಿತಿ ಇದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ, ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ. ಹಣವಿಟ್ಟ ಕೌಶಲದಾಟಗಳನ್ನೂ ಜೂಜಿನೊಳಗೆ ತಂದ 2021ರ ರಾಜ್ಯ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಆದರೆ ಈ ತೀರ್ಪುಗಳ ಆಸರೆ ಪೋಕರ್ ರನ್ನಿಗೆ ಸಿಗುವುದು ಕಷ್ಟ. ಪೋಕರ್‌ನಲ್ಲಿ ಎದುರಾಳಿಯ ಮುಖ ಓದುವುದು, ಪಣ ಏರಿಸುವುದು, ಕೈ ಬಿಡುವುದು ಎಲ್ಲ ಆಟಗಾರನ ಜಾಣ್ಮೆ. ಪೋಕರ್ ರನ್ ಆಟದ ಹೆಸರು, ಎಲೆಗಳ ಮೇಲುಕೀಳು ಎರವಲು ತಂದಿದೆಯೇ ಹೊರತು ಈ ಜಾಣ್ಮೆಯನ್ನು ತಂದಿಲ್ಲ. ಸವಾರ ಮಾಡುವುದು ಎಲೆ ಎತ್ತುವುದಷ್ಟೆ. ಹಣ ಕೊಟ್ಟು ಸೇರಿ, ಕೇವಲ ಅದೃಷ್ಟದಿಂದ ಬಹುಮಾನ ಪಡೆಯುವುದು ಲಾಟರಿಯ ಲಕ್ಷಣ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದೆ. ಉದ್ದೇಶ ಒಳ್ಳೆಯದೆಂಬುದು ಈ ಲಕ್ಷಣವನ್ನು ಅಳಿಸುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳೂ ಇದಕ್ಕೆ ಪರವಾನಗಿ ಕೇಳುತ್ತವೆ.

ಬಿಡಿಸಿಕೊಳ್ಳುವ ದಾರಿ ಎರಡು. ಶುಲ್ಕವನ್ನೂ ಎಲೆಯನ್ನೂ ಬೇರ್ಪಡಿಸಿ, ಎಲೆ ಎಲ್ಲರಿಗೂ ಉಚಿತ ಎಂದು ಮಾಡಿ, ದೇಣಿಗೆಯನ್ನು ಇಷ್ಟವಿದ್ದವರಿಂದ ರಸೀದಿ ಕೊಟ್ಟು ಪಡೆಯುವುದು ಒಂದು. ಬಹುಮಾನವನ್ನೇ ಕೈಬಿಟ್ಟು, ಮೇಲಿನ ಕೈಯವನಿಗೆ ಚನ್ನಪಟ್ಟಣದ ಅರಗಿನ ಬೊಂಬೆಯೊಂದನ್ನು ನೆನಪಿಗೆ ಕೊಡುವುದು ಇನ್ನೊಂದು. ಎರಡರಲ್ಲೂ ಎಲೆ ಎತ್ತುವ ಸಂತೋಷಕ್ಕೆ, ನಿಂತು ಸಾಗುವ ಕ್ರಮಕ್ಕೆ ಧಕ್ಕೆಯಿಲ್ಲ. ಕಡಿಮೆಯಾಗುವುದು ಆಸೆಯ ಮೇಲೆ ಬರುವ ಹಣ ಮಾತ್ರ. ಯಾವುದಕ್ಕೂ ವಕೀಲರನ್ನು ಕೇಳಿಕೊಂಡೇ ಹೊರಡಬೇಕು.

ರಸ್ತೆಯ ಕಾನೂನು ಸರಳ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಂತೆ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗ ಪರೀಕ್ಷೆ ಅಪರಾಧ. ಬೈಕ್ ವಿಮೆಯ ಪಾಲಿಸಿಗಳೂ ಸಂಘಟಿತ ರೇಸು, ವೇಗ ಪರೀಕ್ಷೆಗಳನ್ನು ಹೊರಗಿಡುತ್ತವೆ. ಹೀಗಾಗಿ 'ಇಲ್ಲಿ ವೇಗಕ್ಕೆ ಬಹುಮಾನವಿಲ್ಲ' ಎಂದು ನಿಯಮ ಪತ್ರದ ಮೊದಲ ಸಾಲಿನಲ್ಲೇ ಬರೆಯುವುದು ಜಾಣತನ. ಕೆಂಗೇರಿ ಬೆಂಗಳೂರು ಪೊಲೀಸರ ವ್ಯಾಪ್ತಿ, ಬಿಡದಿಯಿಂದ ಚನ್ನಪಟ್ಟಣದವರೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆ, ಮದ್ದೂರು ಮಂಡ್ಯ ಜಿಲ್ಲೆ. ಒಂದೇ ಬೆಳಗಿನ ಸವಾರಿಗೆ ಮೂರು ಕಡೆ ತಿಳಿಸಬೇಕು.

ಅಮೆರಿಕದ ಪೋಕರ್ ರನ್‌ಗಳ ಮೇಲಿರುವ ಗಟ್ಟಿ ಆಕ್ಷೇಪ ಮದ್ಯದ್ದು. ಅಲ್ಲಿ ನಿಲ್ದಾಣಗಳು ಎಷ್ಟೋ ಕಡೆ ಬಾರುಗಳೇ. ಐದು ಬಾರಿನಲ್ಲಿ ಐದು ಸಲ ನಿಂತರೆ ಐದನೆಯ ಎಲೆಯ ಹೊತ್ತಿಗೆ ಏನಾಗಿರುತ್ತದೆಂದು ಹೇಳಬೇಕಿಲ್ಲ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಮಿತಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ, ಭಾರತದಲ್ಲಿ 30. ಮೈಸೂರು ರಸ್ತೆಯ ನಿಲ್ದಾಣಗಳು ಕಾಫಿ, ಇಡ್ಲಿ, ವಡೆಯವು ಎಂಬುದು ಈ ವಿಷಯದಲ್ಲಿ ನಮ್ಮ ಅದೃಷ್ಟ.

ಹತ್ತಿರದ ನಂಟರು

ಬೆಂಗಳೂರಿಗೆ ಪರಿಚಿತವಾದ ಸಹಾಯಾರ್ಥ ಸವಾರಿಯೆಂದರೆ 'ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್'. 2012ರಲ್ಲಿ ಸಿಡ್ನಿಯ ಮಾರ್ಕ್ ಹವ್ವಾ ಆರಂಭಿಸಿದ ಇದರಲ್ಲಿ ಸವಾರರು ಸೂಟು, ಟೈ ಅಥವಾ ಪಂಚೆ ಜುಬ್ಬ ತೊಟ್ಟು ಹಳೆಯ ಮಾದರಿಯ ಬೈಕುಗಳಲ್ಲಿ ನಿಧಾನ ಸಾಗುತ್ತಾರೆ. ಹಣ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೂ ಪುರುಷರ ಮಾನಸಿಕ ಆರೋಗ್ಯಕ್ಕೂ ಹೋಗುತ್ತದೆ. ಇಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಸವಾರ ತನ್ನ ಹೆಸರಿನಲ್ಲಿ ಬಂಧುಮಿತ್ರರಿಂದ ದೇಣಿಗೆ ಕೂಡಿಸುತ್ತಾನೆ, ಆದ್ದರಿಂದ ಲಾಟರಿಯ ತಕರಾರೂ ಇಲ್ಲ. ಜುಲೈ ಎರಡನೆಯ ಭಾನುವಾರ ಆಚರಿಸುವ ಜಾವಾ ದಿನದಲ್ಲಿ ಸಹಾಯದ ಅಂಶಕ್ಕಿಂತ ನೆನಪಿನ ಅಂಶ ಹೆಚ್ಚು: 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ, ಯೆಜ್ಡಿಗಳು ಆ ದಿನ ಹೊಗೆ ಕಾರುತ್ತ ರಸ್ತೆಗಿಳಿಯುತ್ತವೆ.

ರಚನೆಯಲ್ಲಿ ಪೋಕರ್ ರನ್ನಿಗೆ ಇನ್ನೂ ಹತ್ತಿರದ್ದು ಟಿಎಸ್‌ಡಿ (ಟೈಮ್, ಸ್ಪೀಡ್, ಡಿಸ್ಟನ್ಸ್) ರ್‍ಯಾಲಿ. ಅದರಲ್ಲಿಯೂ ದಾರಿಯುದ್ದಕ್ಕೂ ನಿಲ್ದಾಣಗಳಿದ್ದು ಚೀಟಿಗೆ ಮುದ್ರೆ ಬೀಳುತ್ತದೆ, ಅಲ್ಲಿಯೂ ವೇಗವಾಗಿ ಹೋದವನು ಗೆಲ್ಲುವುದಿಲ್ಲ. ಕೊಟ್ಟ ಸರಾಸರಿ ವೇಗಕ್ಕೆ ಸರಿಯಾಗಿ, ಬೇಗವೂ ಆಗದೆ ತಡವೂ ಆಗದೆ ಬಂದವನಿಗೆ ದಂಡ ಕಡಿಮೆ. ಲೆಕ್ಕ, ನಕ್ಷೆ, ಗಡಿಯಾರದ ಕೌಶಲವೇ ಮುಖ್ಯವಾದ್ದರಿಂದ ಜೂಜಿನ ಮಾತೂ ಬರುವುದಿಲ್ಲ. ಭಾರತದ ನಗರಗಳಲ್ಲಿ ಸಹಾಯಾರ್ಥವಾಗಿ ನಡೆಯುವ ಅಂಧರ ಕಾರ್ ರ್‍ಯಾಲಿಗಳು ಇದರದೇ ಒಂದು ಕವಲು. ಅವುಗಳಲ್ಲಿ ಚಾಲಕನಿಗೆ ಕಣ್ಣಿದ್ದರೂ ದಾರಿಯ ಚೀಟಿ ಅವನ ಕೈಗೆ ಸಿಗುವುದಿಲ್ಲ. ಪಕ್ಕದಲ್ಲಿ ಕೂತ ಅಂಧ ಮಾರ್ಗದರ್ಶಿ ಬ್ರೈಲ್ ಲಿಪಿಯ ಸೂಚನೆಗಳನ್ನು ಬೆರಳಿನಿಂದ ಓದಿ, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಈಗ ಎಷ್ಟು ವೇಗ ಎಂದು ಹೇಳುತ್ತ ಹೋಗುತ್ತಾರೆ.